ಒಂದೇ ಮನೆಯಲ್ಲಿ ಮೂರು ಬಗೆಯ ಹಾನಿ: ಇವೆಲ್ಲ ಒಂದೇ ಜಾತಿಯ ಗೆದ್ದಲಿನ ಕೆಲಸವೇ?

ಅಡಕೆತೋಟ, ಸಾಗರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳೆಯ ಹೆಂಚಿನ ಮನೆ. ಮಣ್ಣಿನ ಗೋಡೆ, ಮತ್ತಿ ಮತ್ತು ಹಲಸಿನ ತೊಲೆಗಳು, ಹಿಂಬದಿಯನ್ನು ವಿಸ್ತರಿಸಿದಾಗ ಹಾಕಿಸಿದ ಸಿಲ್ವರ್ ಓಕ್ ಪಕಾಸುಗಳು ಇವೆ. ಈ ಬಾರಿ ಮಳೆಗಾಲ ಮುಗಿದ ಮೇಲೆ ಮೂರು ಕಡೆ ಮರಕ್ಕೆ ಹಾನಿಯಾಗಿರುವುದು ಕಂಡುಬಂದಿದೆ. ಮೂರೂ ಕಡೆಯ ಲಕ್ಷಣಗಳು ಒಂದಕ್ಕೊಂದು ಹೋಲುವುದಿಲ್ಲವಾದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ಅಡುಗೆಮನೆಯ ಹಿಂಗೋಡೆ. ಗೋಡೆಯ ಬುಡದಿಂದ ಎರಡು ಬೆರಳಗಲದ ಮಣ್ಣಿನ ಸಾಲು ಹೊರಟು ಅಟ್ಟದವರೆಗೆ ಏರಿದೆ. ಅದು ಮುಟ್ಟಿದ ಪಕಾಸಿನ ಹೊರಮೈ ನೋಡಲು ಸರಿಯಾಗಿಯೇ ಇದ್ದರೂ ಉಳಿಯಿಂದ ಚುಚ್ಚಿದಾಗ ಒಳಗೆ ಮರವಿರಬೇಕಾದ ಜಾಗದಲ್ಲಿ ಬರೀ ಮಣ್ಣು ಸಿಕ್ಕಿತು. ಎರಡನೆಯದು ಮಂಚ. ಅದರ ಕಾಲಿನ ಬುಡದಲ್ಲಿ ಗಸಗಸೆಯಂತಹ ಒಣ ಕಾಳುಗಳು ಬೀಳುತ್ತವೆ, ಗುಡಿಸಿದ ಮರುದಿನ ಮತ್ತೆ ಇರುತ್ತವೆ. ಅಲ್ಲಿ ಮಣ್ಣಿನ ಸುಳಿವೇ ಇಲ್ಲ. ಮೂರನೆಯದು ಅಂಗಳದ ಮಾವಿನ ಮರ. ಗಾಳಿಗೆ ದೊಡ್ಡ ಕೊಂಬೆಯೊಂದು ಮುರಿದಾಗ ಕಾಂಡದ ಒಳಗೆ ಟೊಳ್ಳಾಗಿರುವುದೂ ಆ ಟೊಳ್ಳಿನಲ್ಲಿ ಕಂದು ಬಣ್ಣದ ಪದರಪದರವಾದ ಗಟ್ಟಿ ಪದಾರ್ಥ ತುಂಬಿರುವುದೂ ಕಾಣಿಸಿತು. ಮರದ ತಲೆ ಮಾತ್ರ ಇಂದಿಗೂ ಹಸಿರಾಗಿದೆ.

ಪರಿಶೀಲನೆಗೆ ಬಂದ ಗುತ್ತಿಗೆದಾರರು, ಗೆದ್ದಲು ಯಾವುದಾದರೂ ಮದ್ದು ಒಂದೇ, ಮನೆಯ ಸುತ್ತ ನೆಲಕ್ಕೆ ರಂಧ್ರ ಕೊರೆದು ಔಷಧ ಹಾಕಿದರೆ ಮೂರೂ ನಿಲ್ಲುತ್ತವೆ ಎಂದರು. ಅಡುಗೆಮನೆಗೆ ಹೊಂದಿಕೊಂಡೇ ನಮ್ಮ ಕುಡಿಯುವ ನೀರಿನ ಬಾವಿ ಇರುವುದರಿಂದ ನಾನು ಒಪ್ಪಲಿಲ್ಲ. ನೆರೆಯವರು ತೋಟದ ಮೂಲೆಯಲ್ಲಿರುವ ಹುತ್ತವನ್ನು ಅಗೆಸಿ ಎನ್ನುತ್ತಾರೆ. ನಾಗರಪಂಚಮಿಯಂದು ಅಮ್ಮ ಹಾಲೆರೆಯುವುದು ಅದೇ ಹುತ್ತಕ್ಕೆ. ಅದನ್ನು ಮುಟ್ಟುವ ಮಾತೇ ಮನೆಯಲ್ಲಿ ನಡೆಯುವುದಿಲ್ಲ. ಮರ ತಿನ್ನುವ ಗೆದ್ದಲುಗಳಲ್ಲಿ ಜಾತಿಯಿಂದ ಜಾತಿಗೆ ನಿಜವಾಗಿ ಎಷ್ಟು ವ್ಯತ್ಯಾಸವಿದೆ, ಚಿಕಿತ್ಸೆಯನ್ನು ಅದು ಬದಲಾಯಿಸುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಹಳೇಬೇರು

ನಂಬಿಕೆಯ ವಿಷಯದಲ್ಲಿ ನಾನು ಮಾತಾಡುವುದಿಲ್ಲ. ಆದರೆ ಗೆದ್ದಲಿನ ಮೂಲ ಹುತ್ತ, ಹುತ್ತದ ಮೂಲ ರಾಣಿ. ರಾಣಿಯನ್ನು ತೆಗೆಯದೆ ಮನೆಯೊಳಗೆ ಏನು ಮಾಡಿದರೂ ಮುಂದಿನ ಮಳೆಗೆ ಮತ್ತೆ ಬರುತ್ತವೆ. ನಮ್ಮ ತೋಟದಲ್ಲಿ ಹುತ್ತ ಅಗೆಸಿದ ಮೇಲೆ ಅಡಕೆ ಸಸಿಗಳ ಕಾಟ ಕಡಿಮೆಯಾಯಿತು. ಜಾತಿಗೀತಿ ಎಂದು ಯೋಚಿಸುತ್ತ ಕೂತರೆ ಪಕಾಸು ಉಳಿಯುವುದಿಲ್ಲ.

ಕೀಟಶಾಸ್ತ್ರ ಓದಿದವನು

ಹಳೇಬೇರು ಅವರು ಹೇಳಿದ್ದು ಅವರ ತೋಟದ ಮಟ್ಟಿಗೆ ಸರಿಯಿರಬಹುದು, ಆದರೆ ಎಲ್ಲ ಗೆದ್ದಲೂ ಹುತ್ತ ಕಟ್ಟುವುದಿಲ್ಲ. ಪ್ರಶ್ನೆಯಲ್ಲಿರುವ ಮೂರು ಹಾನಿಗಳಲ್ಲಿ ಹುತ್ತಕ್ಕೆ ಸಂಬಂಧಪಟ್ಟಿರಬಹುದಾದದ್ದು ಹೆಚ್ಚೆಂದರೆ ಒಂದು.

ಜಗತ್ತಿನಲ್ಲಿ ಸುಮಾರು 3,000 ಜಾತಿಯ ಗೆದ್ದಲುಗಳಿವೆ, ಭಾರತದಲ್ಲಿ ಸುಮಾರು 300. ಇವುಗಳಲ್ಲಿ ಬಹುಪಾಲು ತರಗೆಲೆ, ಹುಲ್ಲು, ಸಗಣಿ, ಕೊಳೆತ ಮರ ಅಥವಾ ಮಣ್ಣಿನಲ್ಲಿರುವ ಸಾವಯವ ಅಂಶವನ್ನು ತಿಂದು ಬದುಕುತ್ತವೆ. ಮನೆಯ ಮರಕ್ಕೆ ಬಾಯಿ ಹಾಕುವವು ಕೆಲವೇ. ಆ ಕೆಲವನ್ನೂ ಒಂದೇ ಗುಂಪಿಗೆ ಸೇರಿಸಲು ಬರುವುದಿಲ್ಲ, ಏಕೆಂದರೆ ತಿಂದ ಮರವನ್ನು ಅರಗಿಸಿಕೊಳ್ಳುವ ಕ್ರಮವೂ ನೀರನ್ನು ಪಡೆಯುವ ಕ್ರಮವೂ ಅವುಗಳಲ್ಲಿ ಬೇರೆಬೇರೆ. ಮನೆಯಲ್ಲಿ ನಾವು ಕಾಣುವ ಲಕ್ಷಣಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟುತ್ತವೆ.

ನಿಮ್ಮ ಪಕಾಸನ್ನು ತಿಂದದ್ದು ಬಹುಶಃ ಒಡಾಂಟೋಟರ್ಮಿಸ್ ಕುಲದ ಗೆದ್ದಲು. ನಮ್ಮ ಬಯಲುಸೀಮೆಯಲ್ಲೂ ಮಲೆನಾಡಿನಲ್ಲೂ ಕಾಣುವ ದೊಡ್ಡ ಹುತ್ತಗಳನ್ನು ಕಟ್ಟುವ ಒಡಾಂಟೋಟರ್ಮಿಸ್ ಒಬೆಸಸ್ ಇದೇ ಕುಲದ್ದು. ಇವು ಮರವನ್ನು ಪೂರ್ತಿಯಾಗಿ ತಾವೇ ಅರಗಿಸಿಕೊಳ್ಳುವುದಿಲ್ಲ. ಕೆಲಸಗಾರ ಗೆದ್ದಲು ಮರವನ್ನು ಅಗಿದು ನುಂಗಿ, ಗೂಡಿಗೆ ಹೋಗಿ, ಅರೆಬರೆ ಜೀರ್ಣವಾದ ಮಲವನ್ನು ಅಲ್ಲಿ ಗಟ್ಟಿಗಟ್ಟಿಯಾಗಿ ಪೇರಿಸುತ್ತದೆ. ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಆ ಶಿಲೀಂಧ್ರ ಮರದ ಲಿಗ್ನಿನ್ ಮತ್ತು ಸೆಲ್ಯುಲೋಸನ್ನು ಒಡೆದ ಮೇಲೆ ಗೆದ್ದಲು ಅದನ್ನು ಮತ್ತೆ ತಿನ್ನುತ್ತದೆ. ಮುಂಗಾರಿನಲ್ಲಿ ಹುತ್ತದ ಮೇಲೆ ಏಳುವ, ಮಲೆನಾಡಿನವರು ಕಾದು ಕಿತ್ತು ಸಾರು ಮಾಡುವ ಅಣಬೆ ಇದೇ ತೋಟದ ಫಲ. ಈ ಬೇಸಾಯ ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ಅಂದಾಜು. ಮುಖ್ಯವಾದ ಮಾತೇನೆಂದರೆ, ಈ ಗೆದ್ದಲಿನ ಅಡುಗೆಮನೆ ನೆಲದೊಳಗಿದೆ. ನಿಮ್ಮ ಅಟ್ಟದ ಮರವನ್ನು ಅದು ಕೆಳಗೆ ಸಾಗಿಸಬೇಕು, ಮೈ ಒಣಗದಂತೆ ಮುಚ್ಚಿದ ದಾರಿಯಲ್ಲಿ ನಡೆಯಬೇಕು. ಅದಕ್ಕೇ ಮಣ್ಣಿನ ಸಾಲು, ಅದಕ್ಕೇ ತಿಂದ ಜಾಗದಲ್ಲೆಲ್ಲ ಮಣ್ಣು.

ಮಂಚದ್ದು ಇದಕ್ಕೆ ನೇರ ವಿರುದ್ಧ. ಅದು ಒಣಮರದ ಗೆದ್ದಲು. ನಮ್ಮ ತೇವದ ಕರಾವಳಿ ಸೀಮೆಯಲ್ಲಿ ಪೀಠೋಪಕರಣಗಳಿಗೆ ಬೀಳುವುದು ಸಾಮಾನ್ಯವಾಗಿ ಕ್ರಿಪ್ಟೋಟರ್ಮಿಸ್ ಕುಲ. ಇವಕ್ಕೆ ನೆಲದ ಸಂಪರ್ಕವೇ ಬೇಡ. ರೆಕ್ಕೆ ಬಂದ ಜೋಡಿಯೊಂದು ಹಾರಿ ಬಂದು ಮರದ ಬಿರುಕಿನಲ್ಲಿ ಸೇರಿಕೊಂಡರೆ ಅಲ್ಲಿಯೇ ಸಂಸಾರ. ಮರದಲ್ಲಿರುವ ಅಲ್ಪ ತೇವದಲ್ಲೇ ಬದುಕಬೇಕಾದ್ದರಿಂದ ಮಲದಲ್ಲಿರುವ ನೀರನ್ನೂ ಕರುಳಿನ ಕೊನೆಯ ಭಾಗ ಹಿಂಡಿ ಹೀರಿಕೊಳ್ಳುತ್ತದೆ. ಹೀಗಾಗಿ ಹೊರಬೀಳುವ ಕಾಳು ಒಣಗಿ ಗಟ್ಟಿಯಾಗಿರುತ್ತದೆ. ಸುಮಾರು 1 ಮಿ.ಮೀ. ಉದ್ದದ ಆ ಕಾಳನ್ನು ಭೂತಗನ್ನಡಿಯಲ್ಲಿ ನೋಡಿ: ಉದ್ದಕ್ಕೆ ಆರು ಮುಖಗಳು, ಎರಡು ತುದಿಗಳೂ ಗುಂಡಗೆ. ಆರು ಮುಖ ಕಂಡರೆ ಒಣಮರದ ಗೆದ್ದಲೆಂದು ಬೇರೆ ಸಾಕ್ಷಿ ಬೇಕಿಲ್ಲ. ಕಾಳಿನ ಬದಲು ನಯವಾದ ಪುಡಿ ಉದುರುತ್ತಿದ್ದರೆ ಅದು ಗೆದ್ದಲಲ್ಲ, ಕುಟ್ಟೆಹುಳು. ಅದು ದುಂಬಿಯ ಜಾತಿ.

ಶಿಲೀಂಧ್ರದ ತೋಟವಿಲ್ಲದ ಇವುಗಳ ಕರುಳಿನಲ್ಲಿ ಚಾಟಿಯುಳ್ಳ ಏಕಕೋಶಜೀವಿಗಳು ತುಂಬಿರುತ್ತವೆ, ಮರವನ್ನು ಅರಗಿಸಲು ನೆರವಾಗುವವು ಅವೇ. 1920ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಎಂಬ ವಿಜ್ಞಾನಿ, ಈ ಸೂಕ್ಷ್ಮಜೀವಿಗಳನ್ನು ಕೊಂದರೆ ಗೆದ್ದಲು ಮರವನ್ನು ತಿನ್ನುತ್ತಲೇ ಹಸಿವಿನಿಂದ ಸಾಯುತ್ತದೆ ಎಂದು ತೋರಿಸಿದರು. ಗೆದ್ದಲೂ ತನ್ನ ಪಾಲಿನ ಸೆಲ್ಯುಲೇಸ್ ಕಿಣ್ವವನ್ನು ತಾನೇ ತಯಾರಿಸುತ್ತದೆ ಎಂಬುದು ಜಪಾನಿನ ಒಂದು ಜಾತಿಯಲ್ಲಿ ಖಚಿತವಾದದ್ದು 1998ರಲ್ಲಿ.

ಮಾವಿನ ಮರದ್ದು ಕಾಪ್ಟೋಟರ್ಮಿಸ್ ಇರಬಹುದೆಂದು ನನ್ನ ಊಹೆ. ಭಾರತದಲ್ಲಿ ವ್ಯಾಪಕವಾಗಿರುವ ಕಾಪ್ಟೋಟರ್ಮಿಸ್ ಹೈಮಿ ಜೀವಂತ ಮರಗಳನ್ನೂ ಬಿಡುವುದಿಲ್ಲ. ಗಾಯದಿಂದಲೋ ಬೇರಿನಿಂದಲೋ ಒಳಸೇರಿ ನಡುವಿನ ಭಾಗವನ್ನು ತಿನ್ನುತ್ತದೆ. ನೀರು ಸಾಗಿಸುವ ಹೊರಪದರ ಉಳಿಯುವುದರಿಂದ ಮರ ಹಸಿರಾಗಿಯೇ ಇರುತ್ತದೆ. ನೀವು ಕಂಡ ಕಂದು ಪದಾರ್ಥ ಅಗಿದ ಮರ, ಮಲ ಮತ್ತು ಮಣ್ಣು ಬೆರೆತ ಗೂಡಿನ ಭಾಗ. ತೇವ ಸಿಕ್ಕರೆ, ಉದಾಹರಣೆಗೆ ಸೋರುವ ಮಾಡಿನ ಕೆಳಗೆ, ಈ ಗುಂಪಿನ ಗೆದ್ದಲು ನೆಲದ ನಂಟಿಲ್ಲದೆಯೂ ಗೂಡು ಮಾಡಬಲ್ಲುದು. ಎರಡನೆಯ ಮಹಾಯುದ್ಧದ ನಂತರ ಸೇನೆಯ ಸರಕಿನೊಂದಿಗೆ ಪೆಸಿಫಿಕ್ ಕಡೆಯಿಂದ ಅಮೆರಿಕದ ಬಂದರುಗಳಿಗೆ ಹೋಗಿ ನ್ಯೂ ಆರ್ಲಿಯನ್ಸ್ ನಗರವನ್ನು ಕಂಗೆಡಿಸಿದ ಕಾಪ್ಟೋಟರ್ಮಿಸ್ ಫಾರ್ಮೋಸಾನಸ್ ಇದರ ದಾಯಾದಿ. ಅಂಥ ಒಂದು ಸಂಸಾರದಲ್ಲಿ ಲಕ್ಷಗಟ್ಟಲೆ, ಬಲಿತಾಗ ಹತ್ತು ಲಕ್ಷಕ್ಕೂ ಮೀರಿ ಗೆದ್ದಲುಗಳಿರುತ್ತವೆ. ಕ್ರಿಪ್ಟೋಟರ್ಮಿಸ್ ಸಂಸಾರದಲ್ಲಿ ಕೆಲವು ನೂರರಿಂದ ಕೆಲವು ಸಾವಿರ ಮಾತ್ರ. ಒಂದು ಮಂಚವನ್ನು ವರ್ಷಗಟ್ಟಲೆ ಮೆಲ್ಲುವುದಕ್ಕೂ ಒಂದು ಛಾವಣಿಯನ್ನು ಬೇಗನೆ ಬೀಳಿಸುವುದಕ್ಕೂ ಇರುವ ಅಂತರ ಇದು.

ಇವೆಲ್ಲ ಊಹೆಯಾಗಿ ಉಳಿಯಬಾರದೆಂದರೆ ಪ್ರತಿಯೊಂದು ಕಡೆಯಿಂದಲೂ ಸೈನಿಕ ಗೆದ್ದಲನ್ನು ಹಿಡಿದು ಅದರ ತಲೆಯನ್ನು ನೋಡಬೇಕು. ಕೆಲಸಗಾರ ಗೆದ್ದಲುಗಳು ಎಲ್ಲ ಜಾತಿಯಲ್ಲೂ ಬಿಳಿಚಿಕೊಂಡು ಒಂದೇ ರೀತಿ ಕಾಣುವುದರಿಂದ ಅವುಗಳಿಂದ ಪ್ರಯೋಜನವಿಲ್ಲ. ಒಡಾಂಟೋಟರ್ಮಿಸ್ ಸೈನಿಕನ ತಲೆ ಮೊಟ್ಟೆಯಾಕಾರ, ಎಡದವಡೆಯ ಒಳ ಅಂಚಿನಲ್ಲಿ ಒಂದು ಸ್ಪಷ್ಟವಾದ ಹಲ್ಲು. ಕಾಪ್ಟೋಟರ್ಮಿಸ್ ಸೈನಿಕನ ತಲೆಯ ಮುಂಭಾಗದಲ್ಲಿ ದೊಡ್ಡ ರಂಧ್ರವಿದ್ದು, ಕೆಣಕಿದರೆ ಅದರಿಂದ ಬಿಳಿಯ ಅಂಟುದ್ರವ ಒಸರುತ್ತದೆ. ಹೆಟೆರೋಟರ್ಮಿಸ್ ಆಗಿದ್ದರೆ ತಲೆ ಉದ್ದನೆಯ ಆಯತ, ದವಡೆಗಳು ತೆಳ್ಳಗೆ, ಹಲ್ಲಿಲ್ಲ. ಉತ್ತರ ಭಾರತದ ಕಟ್ಟಡಗಳ ದೊಡ್ಡ ಶತ್ರು ಈ ಕುಲದ ಇಂಡಿಕೋಲ, ಅದಕ್ಕೆ ಹುತ್ತವೆಂಬುದೇ ಇಲ್ಲ. ಕ್ರಿಪ್ಟೋಟರ್ಮಿಸ್ ಸೈನಿಕನ ತಲೆ ಕಪ್ಪಗೆ, ಮೊಂಡಾಗಿ, ಮುಂದೆ ಕತ್ತರಿಸಿದಂತೆ ಇರುತ್ತದೆ. ಶತ್ರು ಬಂದಾಗ ಆ ತಲೆಯನ್ನೇ ಅಡ್ಡಕೊಟ್ಟು ಸುರಂಗದ ಬಾಯಿಯನ್ನು ಮುಚ್ಚುತ್ತದೆ.

ರಾಣಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಒಣಮರದ ಗೆದ್ದಲುಗಳಲ್ಲೂ ಕಾಪ್ಟೋಟರ್ಮಿಸ್, ಹೆಟೆರೋಟರ್ಮಿಸ್‌ಗಳಲ್ಲೂ ಮೂಲ ರಾಣಿ ಸತ್ತರೆ ಅದೇ ಸಂಸಾರದೊಳಗಿಂದ ಬದಲಿ ರಾಣಿ ತಯಾರಾಗಬಲ್ಲುದು.

ಕೀಸುಳಿ

ನಮ್ಮದು ತಲೆಮಾರುಗಳಿಂದ ಮರಗೆಲಸದ ಮನೆತನ. ಮೇಲಿನವರು ಹೇಳಿದ ಹೆಸರುಗಳು ನನಗೆ ಹೊಸವು, ಆದರೆ ವ್ಯತ್ಯಾಸ ಹೊಸದಲ್ಲ. ಮಣ್ಣಿನ ಗೆದ್ದಲು ತಿಂದ ಹಲಗೆಯನ್ನು ಬಿಚ್ಚಿದರೆ ಮರದ ನಾರಿನ ಉದ್ದಕ್ಕೆ ಹೋಗಿರುತ್ತದೆ, ಗಟ್ಟಿ ಪದರಗಳನ್ನು ಬಿಟ್ಟು ಮೆದು ಪದರಗಳನ್ನು ತಿಂದಿರುತ್ತದೆ, ಕೈಗೆ ಕೊಳೆಯಾಗುತ್ತದೆ. ಕಾಳು ಉದುರಿಸುವ ಜಾತಿ ನಾರನ್ನು ಲೆಕ್ಕಿಸದೆ ಅಡ್ಡಡ್ಡ ಕೋಣೆಗಳನ್ನು ಕೊರೆದಿರುತ್ತದೆ. ಒಳಗೋಡೆ ಉಜ್ಜುಕಾಗದ ತಿಕ್ಕಿದಷ್ಟು ನುಣ್ಣಗಿರುತ್ತದೆ. ಮಣ್ಣಿನ ಕಣವೂ ಇರುವುದಿಲ್ಲ. ಹೊರಗೆ ಉಳಿಯುವುದು ಬಣ್ಣ ಬಳಿದ ತೆಳು ಪೊರೆ ಮಾತ್ರ; ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ.

ಹಳೆಯ ಮನೆಗಳಲ್ಲಿ ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಕಲ್ಲಿನ ಮೇಲೆ ಗೆದ್ದಲಿನ ಸಾಲು ಏರಿದರೆ ದಿನಾ ಗುಡಿಸುವವರ ಕಣ್ಣಿಗೆ ಬೀಳುತ್ತಿತ್ತು, ಒಡೆದು ಹಾಕುತ್ತಿದ್ದರು. ಹಾರಿ ಬರುವ ಜಾತಿಗೆ ಈ ಕಲ್ಲು ಲೆಕ್ಕಕ್ಕಿಲ್ಲ. ಅದಕ್ಕಾಗಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಪಕಾಸಿನ ಎಲ್ಲ ಮೈಗೂ, ವಿಶೇಷವಾಗಿ ಕೊಯ್ದ ತುದಿಗಳಿಗೆ ಮತ್ತು ಕೂಡುಗಳಿಗೆ ಬಳಿಯುತ್ತಿದ್ದರು. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು.

ಮರದ ಆಯ್ಕೆಯ ಬಗ್ಗೆಯೂ ಒಂದು ಮಾತು. ಮತ್ತಿ, ಹಲಸು, ಹೊನ್ನೆ, ಸಾಗುವಾನಿಗಳ ಕೆಚ್ಚನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ, ಆದರೆ ಅದೇ ಮರದ ಹೊರಗಿನ ಬಿಳಿಯ ಭಾಗಕ್ಕೆ ಆ ಗುಣವಿಲ್ಲ. ಈಗ ಪೇಟೆಯಲ್ಲಿ ಸಿಗುವ ಎಳೆಯ ಸಾಗುವಾನಿಯಲ್ಲಿ ಬಿಳಿಯೇ ಹೆಚ್ಚು. ಗಿರಾಕಿಗಳು ಸಾಗುವಾನಿಗೂ ಗೆದ್ದಲು ಬಂತಲ್ಲ ಎಂದು ಜಗಳಕ್ಕೆ ಬರುತ್ತಾರೆ, ಬಂದದ್ದು ಬಿಳಿಗೆ. ಮಾವು, ಸಿಲ್ವರ್ ಓಕ್, ರಬ್ಬರ್ ಮರಗಳನ್ನು ಮದ್ದು ಕುಡಿಸದೆ ಮಾಡಿಗೆ ಹಾಕುವುದು ದುಡ್ಡಿನ ದಂಡ.

ಕೀಟಶಾಸ್ತ್ರ ಓದಿದವನು

ಕೀಸುಳಿ ಅವರ ವಿವರಣೆ ಪುಸ್ತಕದ ವಿವರಣೆಗಿಂತ ಚೆನ್ನಾಗಿದೆ. ಸಾಗುವಾನಿಯ ಕೆಚ್ಚಿನಲ್ಲಿ ಟೆಕ್ಟೋಕ್ವಿನೋನ್ ಮೊದಲಾದ ರಾಸಾಯನಿಕಗಳಿದ್ದು, ಗೆದ್ದಲನ್ನು ದೂರವಿಡುವುದು ಅವು. ಬಿಳಿಯ ಭಾಗದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ.

ಇದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಮರದ ಬಾಳಿಕೆಯನ್ನು ಅಳೆಯಲು, ಬೆಂಗಳೂರಿನ ಮರವಿಜ್ಞಾನ ಸಂಸ್ಥೆಯೂ ಸೇರಿದಂತೆ ಎಲ್ಲೆಡೆ ಬಳಸುವ ಕ್ರಮವೆಂದರೆ ಮರದ ಗೂಟಗಳನ್ನು ಅರ್ಧ ಮಣ್ಣಿನಲ್ಲಿ ಹೂತು, ವರ್ಷಗಳ ಕಾಲ ಕಾದು, ಎಷ್ಟು ತಿಂದಿದೆಯೆಂದು ನೋಡುವುದು. ಆ ಪರೀಕ್ಷೆ ಹೇಳುವುದು ಆ ಜಾಗದ ನೆಲದಗೆದ್ದಲಿನ ವಿಚಾರವನ್ನು. ‘ಗೆದ್ದಲು ನಿರೋಧಕ’ ಎಂಬ ಚೀಟಿ ಹೊತ್ತ ಹಲಗೆ ನೆಲವನ್ನೇ ಮುಟ್ಟದ ಕ್ರಿಪ್ಟೋಟರ್ಮಿಸ್‌ಗೂ ನಿರೋಧಕವೆಂದು ಅದರಿಂದ ಸಿದ್ಧವಾಗುವುದಿಲ್ಲ. ಒಂದು ಜಾತಿಗೆ ಬೇಡವಾದ ಮರ ಇನ್ನೊಂದಕ್ಕೆ ಊಟವಾಗಬಹುದು: ಜಾವಾ ದ್ವೀಪದ ಸಾಗುವಾನಿ ತೋಪುಗಳಲ್ಲಿ ನಿಯೋಟರ್ಮಿಸ್ ಟೆಕ್ಟೋನೆ ಎಂಬ ಗೆದ್ದಲು ನಿಂತಿರುವ ಜೀವಂತ ಸಾಗುವಾನಿಯನ್ನೇ ತಿನ್ನುತ್ತದೆ.

ಮದ್ದು ಕುಡಿಸುವ ವಿಷಯದಲ್ಲಿ ನಮ್ಮವರದೇ ಒಂದು ದೊಡ್ಡ ಕೊಡುಗೆಯಿದೆ. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳ ಮಿಶ್ರಣವನ್ನು ಒತ್ತಡದಲ್ಲಿ ಮರದೊಳಗೆ ತುಂಬುವ ವಿಧಾನವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಅದು ಜಗತ್ತಿನಾದ್ಯಂತ ವಿದ್ಯುತ್ ಕಂಬಗಳಿಗೂ ಬೇಲಿಗೂಟಗಳಿಗೂ ಬಳಕೆಯಾಯಿತು. ಆರ್ಸೆನಿಕ್ ಇರುವುದರಿಂದ ವಾಸದ ಮನೆಯೊಳಗೆ ಈಗ ಬೋರಾನ್ ಲವಣಗಳೇ ಉತ್ತಮ. ಅವು ನೀರಿನಲ್ಲಿ ತೊಳೆದುಹೋಗುತ್ತವೆ, ಆದ್ದರಿಂದ ಮಳೆ ತಾಗದ ಮರಕ್ಕೆ ಮಾತ್ರ.

ಬೇ ಏರಿಯಾದಿಂದ

ಕ್ಯಾಲಿಫೋರ್ನಿಯಾದಲ್ಲಿರುವ ನಮಗೆ ಈ ಚರ್ಚೆ ಬಹಳ ಪರಿಚಿತ. ಇಲ್ಲಿ ಮನೆ ಮಾರುವಾಗ ಗೆದ್ದಲು ತಪಾಸಣೆಯ ವರದಿ ಕೊಡುವುದು ರೂಢಿ, ಮತ್ತು ಆ ವರದಿಯಲ್ಲಿ ನೆಲದಗೆದ್ದಲು, ಒಣಮರದ ಗೆದ್ದಲು ಎಂದು ಪ್ರತ್ಯೇಕವಾಗಿ ಬರೆಯುತ್ತಾರೆ. ನಮ್ಮ ಕಡೆಯ ಒಣಮರದ ಜಾತಿ ಇನ್ಸಿಸಿಟರ್ಮಿಸ್ ಮೈನರ್. ನಮ್ಮೂರಿನ ಮಳೆಹುಳುಗಳ ಹಾಗೆ ಮುಸ್ಸಂಜೆಯಲ್ಲಿ ದೀಪಕ್ಕೆ ಮುತ್ತದೆ, ಬಿಸಿಲಿರುವ ಹಗಲಿನಲ್ಲೇ ಹಾರುತ್ತದೆ. ನೆಲದ್ದು ರೆಟಿಕ್ಯುಲಿಟರ್ಮಿಸ್ ಹೆಸ್ಪೆರಸ್.

ಒಣಮರದ್ದು ಮನೆಯೆಲ್ಲ ಹರಡಿದ್ದರೆ ಇಡೀ ಮನೆಗೆ ಡೇರೆ ಹೊದಿಸಿ ಸಲ್ಫ್ಯೂರಿಲ್ ಫ್ಲೋರೈಡ್ ಅನಿಲ ತುಂಬುತ್ತಾರೆ. ಮನೆಮಂದಿ, ನಾಯಿಬೆಕ್ಕು, ಗಿಡಗಳು ಎಲ್ಲವೂ ಹೊರಗಿರಬೇಕು. ಅನಿಲ ಮರದ ಸುರಂಗಗಳಿಗೆ ನುಗ್ಗಿ ಒಳಗಿರುವುದನ್ನು ಕೊಲ್ಲುತ್ತದೆ, ಆದರೆ ಹೊರಹೋದ ಮೇಲೆ ಅದರ ರಕ್ಷಣೆ ಏನೂ ಉಳಿಯುವುದಿಲ್ಲ. ನೆಲದೊಳಗಿನ ಸಂಸಾರಕ್ಕೆ ಡೇರೆಯಿಂದ ಏನೂ ಆಗುವುದಿಲ್ಲ. ಹಾಗೆಯೇ ನೆಲಕ್ಕೆ ಹಾಕಿದ ಔಷಧದಿಂದ ಛಾವಣಿಯ ಮರದಲ್ಲಿರುವ ಇನ್ಸಿಸಿಟರ್ಮಿಸ್‌ಗೆ ಏನೂ ಆಗುವುದಿಲ್ಲ. ಎರಡೂ ಇರುವ ಮನೆಯವರು ಎರಡಕ್ಕೂ ಹಣ ತೆರುತ್ತಾರೆ. ನೆಲಕ್ಕೆ ರಂಧ್ರ ಕೊರೆದು ಮಂಚದ ಗೆದ್ದಲನ್ನು ನಿಲ್ಲಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ.

ಅಡಕೆತೋಟ, ಸಾಗರ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಭೂತಗನ್ನಡಿ ಹಿಡಿದು ನೋಡಿದೆವು. ಪಕಾಸಿನಲ್ಲಿ ಸಿಕ್ಕ ಸೈನಿಕನ ತಲೆ ಹಳದಿಮಿಶ್ರಿತ ಕಂದು, ಮೊಟ್ಟೆಯಾಕಾರ. ಎಡದವಡೆಯಲ್ಲಿ ಹಲ್ಲು ಇದೆ. ಮಂಚದ ಕಾಳುಗಳಿಗೆ ಆರು ಮುಖಗಳಿರುವುದು ಸ್ಪಷ್ಟ. ಮಾವಿನ ಮರದ ಟೊಳ್ಳಿನಿಂದ ತೆಗೆದ ಸೈನಿಕನನ್ನು ಕಡ್ಡಿಯಿಂದ ತಾಗಿಸಿದ ಕೂಡಲೇ ತಲೆಯ ಮುಂದೆ ಬಿಳಿಯ ಹನಿ ಕಾಣಿಸಿತು, ಕಡ್ಡಿಗೆ ಅಂಟಿಕೊಂಡಿತು. ಹಲಸು ಮತ್ತು ಮತ್ತಿಯ ತೊಲೆಗಳಿಗೆ ಎಲ್ಲೂ ಹಾನಿಯಿಲ್ಲ. ಈಗ ಯಾವುದರಿಂದ ಆರಂಭಿಸಬೇಕು? ಹುತ್ತದ ಕತೆ ಏನು?

ಕೀಟಶಾಸ್ತ್ರ ಓದಿದವನು

ಮಾವಿನ ಮರದಿಂದ ಆರಂಭಿಸಿ. ಮೂರರಲ್ಲಿ ನಾನು ಹೆಚ್ಚು ಹೆದರುವುದು ಅದಕ್ಕೆ. ಒಂದು ಕಾರಣ, ಟೊಳ್ಳಾದ ಕಾಂಡ ಮನೆಯ ಮೇಲೆಯೇ ಬೀಳಬಹುದು. ಇನ್ನೊಂದು, ಕಾಪ್ಟೋಟರ್ಮಿಸ್ ಆ ಮರದಿಂದ ನೆಲದೊಳಗೆ ಸುರಂಗ ಮಾಡಿ ಮನೆಗೆ ಬರಬಲ್ಲುದು. ಮರ ಮನೆಯ ಕಡೆಗೆ ವಾಲಿದ್ದರೆ ಕಡಿಸುವುದೇ ಸರಿ, ಮತ್ತು ಬುಡವನ್ನು ಬಿಡದೆ ಕೀಳಿಸಬೇಕು. ಉಳಿಸಿಕೊಳ್ಳುವುದಾದರೆ ಆಮಿಷದ ಪೆಟ್ಟಿಗೆಗಳನ್ನು ಬಳಸಬಹುದು. ಪೊರೆ ಕಳಚುವುದನ್ನು ತಡೆಯುವ ಔಷಧ ಸೇರಿಸಿದ ಸೆಲ್ಯುಲೋಸನ್ನು ಕೆಲಸಗಾರರು ಒಯ್ದು ಸಂಸಾರಕ್ಕೆಲ್ಲ ಹಂಚುತ್ತಾರೆ. ಕಾಪ್ಟೋಟರ್ಮಿಸ್‌ಗೆ ಈ ವಿಧಾನ ಚೆನ್ನಾಗಿ ಹಿಡಿಯುತ್ತದೆ. ಶಿಲೀಂಧ್ರ ಬೆಳೆಯುವ ಒಡಾಂಟೋಟರ್ಮಿಸ್‌ಗೆ ಅಷ್ಟಾಗಿ ಹಿಡಿಯುವುದಿಲ್ಲ, ಆದ್ದರಿಂದ ಅಡುಗೆಮನೆಯ ಗೋಡೆಗೆ ಅದೇ ಪೆಟ್ಟಿಗೆಗಳನ್ನು ಕೊಳ್ಳಬೇಡಿ.

ಪಕಾಸಿನದು ಒಡಾಂಟೋಟರ್ಮಿಸ್ ಎಂದ ಮಾತ್ರಕ್ಕೆ ನಿಮ್ಮ ತೋಟದ ಹುತ್ತವೇ ಕಾರಣ ಎನ್ನಲಾಗದು. ಆ ಕುಲದ ಹಲವು ಜಾತಿಗಳು ಮೇಲೆ ಹುತ್ತ ಎಬ್ಬಿಸದೆ ನೆಲದೊಳಗೇ ಗೂಡು ಮಾಡುತ್ತವೆ, ಹುತ್ತದ್ದಕ್ಕೆ ತೋಟದ ತರಗೆಲೆ ಮತ್ತು ಒಣತೊಗಟೆಯೇ ಧಾರಾಳ. ಹುತ್ತವನ್ನು ಬಿಟ್ಟುಬಿಡಿ, ಅಮ್ಮನವರ ಹಾಲೆರೆಯುವಿಕೆಗೆ ಕೀಟಶಾಸ್ತ್ರದ ಆಕ್ಷೇಪಣೆ ಇಲ್ಲ. ಅಡುಗೆಮನೆಯ ಹಿಂಗೋಡೆಗೆ ಸೌದೆ ಒಟ್ಟಿದ್ದರೆ ತೆಗೆಸಿ, ಮಾಡಿನ ನೀರು ಬುಡದಲ್ಲಿ ಇಂಗದಂತೆ ಚರಂಡಿ ಮಾಡಿಸಿ, ಮಣ್ಣಿನ ಸಾಲನ್ನು ಒಡೆದು ಹಾಕಿ, ಮತ್ತೆ ಕಟ್ಟುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಿ. ಕೆಟ್ಟ ಪಕಾಸುಗಳನ್ನು ಬೋರಾನ್ ಕುಡಿಸಿದ ಮರದಿಂದ ಬದಲಾಯಿಸಿ. ಕಟ್ಟಿದ ಮನೆಗಳ ಚಿಕಿತ್ಸೆಗೆ ಭಾರತೀಯ ಮಾನಕ 6313ರ ಮೂರನೆಯ ಭಾಗವಿದೆ. ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು 30 ಸೆಂ.ಮೀ.ಗೆ ಒಂದರಂತೆ ರಂಧ್ರ ಕೊರೆದು ಔಷಧ ಹಾಕುವ ಕ್ರಮ ಅದರದ್ದೇ, ಮತ್ತು ಬಾವಿಯ ನೀರು ಕೆಡದಂತೆ ನೋಡಿಕೊಳ್ಳಬೇಕೆಂಬುದೂ ಆ ಕ್ರಮದ ಭಾಗವೇ. ಬಾವಿಗೆ ಹೊಂದಿಕೊಂಡ ಗೋಡೆಯಲ್ಲಿ ಅದು ಬೇಡವೆಂದ ನಿಮ್ಮ ನಿರ್ಧಾರ ಸರಿಯಾಗಿದೆ.

ಮಂಚ ಕೊನೆಗೆ, ಆದರೆ ಅದನ್ನು ತೊಲೆಗಳಿರುವ ಕೋಣೆಯಿಂದ ಈಗಲೇ ಹೊರಗಿಡಿ. ಮರದ ಸರಕು ಪೆಟ್ಟಿಗೆಗಳಿಗೆ ಜಗತ್ತಿನಾದ್ಯಂತ ಇರುವ ನಿಯಮವೆಂದರೆ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಹಾಗೆಯೇ ಇರಬೇಕು. ಅಂಥ ಕಾವುಕೋಣೆ ಇರುವ ಮರದ ಕಾರ್ಖಾನೆಯವರು ಒಪ್ಪಿದರೆ ಮಂಚದ ಕಾಲುಗಳನ್ನು ಬಿಚ್ಚಿ ಕೊಟ್ಟು ಕಾಯಿಸಿ ತರಬಹುದು. ಇಲ್ಲವಾದರೆ ಕಾಳು ಬೀಳುವ ಸಣ್ಣ ರಂಧ್ರಗಳ ಮೂಲಕ ಬೋರಾನ್ ದ್ರಾವಣವನ್ನು ಸಿರಿಂಜಿನಿಂದ ತುಂಬಿ ರಂಧ್ರಗಳನ್ನು ಮೇಣದಿಂದ ಮುಚ್ಚಬೇಕು. ಚಿಕಿತ್ಸೆಯ ನಂತರವೂ ಮಂಚ ಅಲುಗಾಡಿದಾಗ ಸುರಂಗಗಳಲ್ಲಿ ಉಳಿದ ಹಳೆಯ ಕಾಳುಗಳು ಕೆಲವು ಕಾಲ ಉದುರುತ್ತಲೇ ಇರುತ್ತವೆ, ಅದರಿಂದ ಗಾಬರಿ ಬೇಡ. ಅಲುಗಾಡಿಸದೆ ಇಟ್ಟ ಮಂಚದ ಕೆಳಗೆ ಹಾಸಿದ ಕಾಗದದ ಮೇಲೆ ಹೊಸದಾಗಿ ಕಾಳಿನ ಗುಪ್ಪೆ ಕಂಡರೆ ಮಾತ್ರ ಮತ್ತೆ ದ್ರಾವಣ ಹಾಕಿ.